ನಿಫ್ಟಿ ಏರಿತು, ನನ್ನ ದುಡ್ಡು ಎಲ್ಲಿ ಹೋಯಿತು?

ದುಡ್ಡು–ಕಾಸು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಷೇರುಪೇಟೆಯ ಸೂಚ್ಯಂಕಗಳಾದ ನಿಫ್ಟಿ, ಸೆನ್ಸೆಕ್ಸ್ ಬಗ್ಗೆಯೇ. ಕಾಫಿ ಮಾರಿದ ದುಡ್ಡು ಕೈಯಲ್ಲಿರುವ ತಿಂಗಳು, ಮಾರುಕಟ್ಟೆಯೋ ದಿನಕ್ಕೊಂದು ಕಡೆ ಹಾರುತ್ತಿದೆ. ಆಶ್ಚರ್ಯ ಏನೂ ಇಲ್ಲ ಬಿಡಿ. ಚಿನ್ನದ ಸಾಲ, ಪೋಸ್ಟಾಫೀಸಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ, ಬರೆದವರು ಬೇಜಾರು ಮಾಡಿಕೊಳ್ಳಬೇಡಿ. ಲೆಕ್ಕ ಸುಲಭವಾಗಲಿ ಅಂತ ಕೆಳಗಿನ ಉದಾಹರಣೆಗಳಲ್ಲಿ ನಿಫ್ಟಿ 24,000, ಒಂದು ಲಾಟ್ (ಒಟ್ಟಿಗೇ ಕೊಳ್ಳಬೇಕಾದ ಕನಿಷ್ಠ ಕಟ್ಟು) ಅಂದರೆ 75 ಅಂತ ಹಿಡಿದಿದ್ದೇನೆ. ಲಾಟ್ ಗಾತ್ರವನ್ನು ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ಆಗಾಗ ಬದಲಿಸುತ್ತದೆ. 25 ಇದ್ದದ್ದು 2024ರ ನವೆಂಬರಿನಲ್ಲಿ 75 ಆಗಿತ್ತು. ಆರ್ಡರ್ ಹಾಕುವ ದಿನ ಎಷ್ಟಿದೆ ಅಂತ ಆ್ಯಪ್‌ನಲ್ಲೇ ನೋಡಿಕೊಳ್ಳಿ.

ಪ್ರಶ್ನೆ: ಮೇಡಂ, ಒಂದು ದೊಡ್ಡ ಘೋಷಣೆಯ ಹಿಂದಿನ ದಿನ ನಿಫ್ಟಿ ಏರುತ್ತೆ ಅಂತ 24,000ದ ವೀಕ್ಲಿ ಕಾಲ್ ಆಪ್ಷನ್ ಒಂದು ಲಾಟ್ ತಗೊಂಡೆ. ಪ್ರೀಮಿಯಂ 220 ರೂಪಾಯಿ. ಆಗ ನಿಫ್ಟಿಯೂ 24,000ದಲ್ಲೇ ಇತ್ತು. ಮರುದಿನ ನಾನಂದುಕೊಂಡ ಹಾಗೆಯೇ 80 ಪಾಯಿಂಟ್ ಏರಿತು. ಆದರೆ ನನ್ನ ಕಾಲ್ 165ಕ್ಕೆ ಇಳಿದಿತ್ತು! 4,125 ರೂಪಾಯಿ ಹೋಯಿತು. ಬ್ರೋಕರ್ ಏನಾದರೂ ಆಟ ಆಡಿದರಾ?
— 27 ವರ್ಷದ ಓದುಗ, ಸಿದ್ದಾಪುರ

ಉತ್ತರ: ಬ್ರೋಕರನ್ನು ಬೈಯಬೇಡಿ ತಮ್ಮಾ. ಈ ವಿಷಯದಲ್ಲಿ ಅವರು ಪಾಪದವರು. ಹೊಸಬರಿಗಾಗಿ ಒಂದು ಮಾತು: ಕಾಲ್ ಆಪ್ಷನ್ ಅಂದರೆ ಗೊತ್ತುಮಾಡಿದ ದಿನಕ್ಕೆ (ಎಕ್ಸ್‌ಪೈರಿ) ಗೊತ್ತುಮಾಡಿದ ರೇಟಿಗೆ (ಸ್ಟ್ರೈಕ್) ಕೊಳ್ಳುವ ಹಕ್ಕು, ಪುಟ್ ಅಂದರೆ ಹಾಗೆ ಮಾರುವ ಹಕ್ಕು. ಆ ಹಕ್ಕಿಗೆ ಕೊಡುವ ಬೆಲೆಯೇ ಪ್ರೀಮಿಯಂ.

ನೀವು ಕೊಂಡಾಗ ನಿಫ್ಟಿ 24,000, ಕಾಲ್ ಕೂಡ 24,000ದ್ದು. ಅಂದರೆ ಆ ಕ್ಷಣಕ್ಕೆ ಆ ಆಪ್ಷನ್ ಒಳಗೆ ಒಂದು ರೂಪಾಯಿಯ ಅಸಲೂ ಇರಲಿಲ್ಲ. ಕೊಟ್ಟ 220 ರೂಪಾಯಿ ಪೂರ್ತಿ ಎರಡು ವಿಷಯಕ್ಕೆ: ಎಕ್ಸ್‌ಪೈರಿಗೆ ಉಳಿದಿದ್ದ ದಿನಗಳಿಗೆ, ಮತ್ತೆ ‘ನಾಳೆ ಏನಾಗುತ್ತೋ’ ಅನ್ನುವ ಆತಂಕಕ್ಕೆ. ಘೋಷಣೆ ಯಾವ ದಿನ ಅಂತ ನಿಮಗೆ ಗೊತ್ತಿದ್ದ ಹಾಗೆ ಮುಂಬೈನವರಿಗೂ ಗೊತ್ತಿತ್ತು. ಆಪ್ಷನ್ ಮಾರುವವರು ಅದಕ್ಕೆ ತಕ್ಕಂತೆ ರೇಟು ಏರಿಸಿಕೊಂಡೇ ಕೂತಿರುತ್ತಾರೆ. ಮರುದಿನ ಘೋಷಣೆ ಆಯಿತು, ಆತಂಕ ಕರಗಿತು. ಒಂದು ದಿನವೂ ಕಳೆಯಿತು. 80 ಪಾಯಿಂಟ್ ಏರಿಕೆಯಿಂದ ನಿಮಗೆ ಬಂದದ್ದು ಸುಮಾರು 45 ರೂಪಾಯಿ. ಇಂಥ ಕಾಲ್ ನಿಫ್ಟಿಯ ಏರಿಕೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟೇ ಏರುತ್ತದೆ. ಆತಂಕ ಮತ್ತು ದಿನ ಎರಡೂ ಸೇರಿ ತೆಗೆದುಕೊಂಡು ಹೋದದ್ದು ಸುಮಾರು 100. ಉಳಿದದ್ದು 165. ಲೆಕ್ಕ ಚುಕ್ತಾ.

ಈ ಆತಂಕಕ್ಕೆ ಒಂದು ಅಳತೆ ಇದೆ, ಇಂಡಿಯಾ ವಿಐಎಕ್ಸ್. ನಿಫ್ಟಿ ಆಪ್ಷನ್‌ಗಳ ರೇಟಿನಿಂದಲೇ ಎನ್‌ಎಸ್‌ಇ ಇದನ್ನು ಲೆಕ್ಕ ಹಾಕುತ್ತದೆ. ಮುಂದಿನ 30 ದಿನದಲ್ಲಿ ನಿಫ್ಟಿ ಎಷ್ಟು ಅಲುಗಾಡಬಹುದು ಅಂತ ಮಾರುಕಟ್ಟೆ ಅಂದುಕೊಂಡಿದೆಯೋ ಅದನ್ನು ವರ್ಷದ ಲೆಕ್ಕದಲ್ಲಿ ಹೇಳುತ್ತದೆ. ಮನೆಯಲ್ಲೇ ಮಾಡಬಹುದಾದ ಒಂದು ಸುಲಭ ಲೆಕ್ಕ ಹೇಳುತ್ತೇನೆ: ವಿಐಎಕ್ಸ್ ಅನ್ನು 16ರಿಂದ ಭಾಗಿಸಿ. ಬಂದದ್ದು ಒಂದು ದಿನಕ್ಕೆ ನಿರೀಕ್ಷಿಸುವ ಏರಿಳಿತ, ಶೇಕಡಾದಲ್ಲಿ. ವಿಐಎಕ್ಸ್ 16 ಇದ್ದರೆ ದಿನಕ್ಕೆ ಶೇ 1, ಅಂದರೆ 240 ಪಾಯಿಂಟ್. 32 ಆದರೆ 480. 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಹೊತ್ತಿಗೆ ಇದು 80 ದಾಟಿತ್ತು. ದಿನಕ್ಕೆ ಶೇ 5! ಏರುವ ದಿಕ್ಕೋ ಇಳಿಯುವ ದಿಕ್ಕೋ ಅಂತ ಮಾತ್ರ ವಿಐಎಕ್ಸ್ ಹೇಳುವುದಿಲ್ಲ.

ಈ ಅಳತೆ ಎಷ್ಟು ಬೇಗ ಇಳಿಯುತ್ತೆ ಅನ್ನುವುದಕ್ಕೆ ಲೋಕಸಭಾ ಚುನಾವಣೆಯ ಫಲಿತಾಂಶ ಬಂದ 2024ರ ಜೂನ್ 4 ನೋಡಿ. ಆ ದಿನ ವಿಐಎಕ್ಸ್ 25ರ ಮೇಲೆ ಇತ್ತು. ಮರುದಿನವೇ 20ರ ಕೆಳಗೆ ಬಂತು. ಹಿಂದಿನ ದಿನ ಆತಂಕದ ರೇಟಿನಲ್ಲಿ ಆಪ್ಷನ್ ಕೊಂಡವರ ಪ್ರೀಮಿಯಂನಲ್ಲಿ ಆತಂಕದ ಪಾಲು, ದಿಕ್ಕು ಸರಿಯಿದ್ದರೂ, ಸುಮ್ನೆ ಕರಗಿತು.

ಇನ್ನು ಮುಂದೆ ಕಾಲ್ ಕೊಳ್ಳುವ ಮೊದಲು ಇಷ್ಟು ಮಾಡಿ. ಸ್ಟ್ರೈಕ್ ಪ್ಲಸ್ ಪ್ರೀಮಿಯಂ ಕೂಡಿಸಿ. ನಿಮ್ಮದು 24,220. ಎಕ್ಸ್‌ಪೈರಿ ದಿನ ನಿಫ್ಟಿ ಅದಕ್ಕಿಂತ ಮೇಲಿರುತ್ತೆ ಅನ್ನುವ ಧೈರ್ಯ ಇದೆಯಾ ಅಂತ ಕೇಳಿಕೊಳ್ಳಿ. ‘ಏರುತ್ತೆ’ ಅನ್ನುವ ಧೈರ್ಯ ಸಾಲದು, ‘220ಕ್ಕಿಂತ ಜಾಸ್ತಿ ಏರುತ್ತೆ’ ಅನ್ನುವುದು ಬೇಕು.

‘ಹಾಗಾದರೆ ಮಾರುವವರಿಗೇ ಲಾಭ ಅಲ್ವಾ, ನಾನೂ ಮಾರುತ್ತೇನೆ’ ಅಂತ ನಿಮ್ಮ ಮುಂದಿನ ಪತ್ರ ಬರುತ್ತೆ, ಗೊತ್ತು. ಅದಕ್ಕೂ ಈಗಲೇ ಉತ್ತರ. 2024ರ ಜೂನ್ 3ರಂದು ಎಕ್ಸಿಟ್ ಪೋಲ್ ಖುಷಿಯಲ್ಲಿ ನಿಫ್ಟಿ 733 ಪಾಯಿಂಟ್ ಏರಿತು. ಇನ್ನು ಇಳಿಯಲ್ಲ ಅಂತ ಆ ಸಂಜೆ ಪುಟ್ ಮಾರಿ ಮಲಗಿದವರಿಗೆ ಮರುದಿನ 1,379 ಪಾಯಿಂಟ್ ಕುಸಿತ ಕಾದಿತ್ತು. ಕೊಂಡವರಿಗೆ ನಷ್ಟ ಪ್ರೀಮಿಯಂಗೆ ನಿಲ್ಲುತ್ತೆ. ಮಾರಿದವರಿಗೆ ಅಂಥ ಗಡಿ ಇಲ್ಲ.

ಪ್ರಶ್ನೆ: ಕಾಫಿ ಮಾರಿದ ಎಂಟು ಲಕ್ಷ ಬ್ಯಾಂಕಿನಲ್ಲಿದೆ. ಇನ್ನೂ ಒಂದಷ್ಟು ಚೀಲ ರೊಬಸ್ಟಾ ಚೆರಿ ರೇಟಿಗೆ ಕಾದು ಗೋಡೌನಿನಲ್ಲಿ ಇಟ್ಟಿದ್ದೇನೆ. ಅಕ್ಕನ ಮಗ ಬೆಂಗಳೂರಿನಲ್ಲಿದ್ದಾನೆ. ‘ಮಾವ, ಮಾರುಕಟ್ಟೆ ಅಲ್ಲಾಡುವಾಗಲೇ ದುಡ್ಡು ಮಾಡಬೇಕು, ನಿಫ್ಟಿ ಫ್ಯೂಚರ್ ಎರಡು ಲಾಟ್ ತಗೊಳ್ಳಿ, ಸ್ಟಾಪ್‌ಲಾಸ್ ಹಾಕಿದರೆ ಭಯ ಇಲ್ಲ’ ಅನ್ನುತ್ತಾನೆ. ಮಾಡಬಹುದಾ?
— ಬೆಳೆಗಾರರು, ಗೋಣಿಕೊಪ್ಪ

ಉತ್ತರ: ನಿಮ್ಮ ಅಳಿಯನ ಮಾತಿನಲ್ಲಿ ಮೊದಲ ಅರ್ಧ ಬಿಡಿ, ‘ಸ್ಟಾಪ್‌ಲಾಸ್ ಹಾಕಿದರೆ ಭಯ ಇಲ್ಲ’ ಅನ್ನುವುದನ್ನೇ ಹಿಡಿಯೋಣ. ಸ್ಟಾಪ್‌ಲಾಸ್ ಅಂದರೆ ‘ರೇಟು ಇಷ್ಟಕ್ಕೆ ಇಳಿದರೆ ಮಾರಿಬಿಡು’ ಅನ್ನುವ ಆರ್ಡರ್.

ಫ್ಯೂಚರ್ ಅಂದರೆ ಮುಂದಿನ ಒಂದು ದಿನದ ವ್ಯವಹಾರಕ್ಕೆ ಈಗಲೇ ರೇಟು ಗೊತ್ತುಮಾಡಿಕೊಳ್ಳುವ ಕರಾರು. ಒಂದು ಲಾಟ್ ಅಂದರೆ 24,000 ಗುಣಿಸು 75, ಅಂದರೆ 18 ಲಕ್ಷದ ವ್ಯವಹಾರ. ಎರಡು ಲಾಟ್ 36 ಲಕ್ಷ. ಮಾರ್ಜಿನ್ ಅಂತ ಕಟ್ಟುವುದು ಅದರ ಒಂದು ಸಣ್ಣ ಪಾಲು, ಹಾಗಾಗಿ ಎಂಟು ಲಕ್ಷದಲ್ಲಿ ಆರಾಮವಾಗಿ ಆಗುತ್ತೆ ಅನ್ನಿಸುತ್ತದೆ. ಲಾಭ ನಷ್ಟ ಮಾತ್ರ ಪೂರ್ತಿ 36 ಲಕ್ಷದ ಮೇಲೆ. ಅದೂ ವರ್ಷದ ಕೊನೆಗಲ್ಲ, ಪ್ರತಿ ಸಂಜೆ ಲೆಕ್ಕ ಮಾಡಿ ನಿಮ್ಮ ಖಾತೆಯಿಂದ ತೆಗೆಯುತ್ತಾರೆ. ದುಡ್ಡು ಕಡಿಮೆ ಬಿದ್ದರೆ ಇನ್ನಷ್ಟು ಹಾಕಿ ಅಂತ ಮೆಸೇಜ್. ಹಾಕದಿದ್ದರೆ ಬ್ರೋಕರ್ ತಾನೇ ಪೊಸಿಷನ್ (ನೀವು ತೆರೆದಿಟ್ಟ ವ್ಯವಹಾರ) ಮುಚ್ಚುತ್ತಾರೆ.

ಈಗ ಒಂದು ನಿಜವಾದ ದಿನ ತೆಗೆದುಕೊಳ್ಳಿ. 2025ರ ಏಪ್ರಿಲ್ 4, ಶುಕ್ರವಾರ. ಅಮೆರಿಕದ ಸುಂಕದ ಸುದ್ದಿ ಬಂದು ಎರಡು ದಿನ ಆಗಿತ್ತು. ನಿಫ್ಟಿ 22,904ರಲ್ಲಿ ಮುಗಿಯಿತು. ನಿಮ್ಮ ಹತ್ತಿರ ಎರಡು ಲಾಟ್ ಇದೆ, 22,700ಕ್ಕೆ ಸ್ಟಾಪ್‌ಲಾಸ್ ಹಾಕುವ ತೀರ್ಮಾನ ಮಾಡಿಕೊಂಡಿದ್ದೀರಿ ಅಂತಿಟ್ಟುಕೊಳ್ಳಿ. ಸುಮಾರು 200 ಪಾಯಿಂಟ್, ಎರಡು ಲಾಟ್‌ಗೆ 30,000 ರೂಪಾಯಿ, ಹೋದರೆ ಹೋಗಲಿ ಅಂದುಕೊಂಡಿದ್ದೀರಿ. ಶನಿವಾರ, ಭಾನುವಾರ ಮಾರುಕಟ್ಟೆ ಮುಚ್ಚಿತ್ತು, ಪ್ರಪಂಚ ಮುಚ್ಚಿರಲಿಲ್ಲ. ಸೋಮವಾರ ಏಪ್ರಿಲ್ 7ರ ಬೆಳಿಗ್ಗೆ 9.15ಕ್ಕೆ ನಿಫ್ಟಿ ಶುರುವಾದದ್ದೇ 21,758ರ ಹತ್ತಿರ. ನಡುವೆ 22,700 ಅನ್ನುವ ರೇಟು ಬರಲೇ ಇಲ್ಲ. ಸ್ಟಾಪ್‌ಲಾಸ್ ಕೆಲಸ ಮಾಡುವುದು ಸಿಕ್ಕ ರೇಟಿಗೆ. ಸುಮಾರು 1,100 ಪಾಯಿಂಟ್, 150ರಿಂದ ಗುಣಿಸಿ: 1,65,000 ರೂಪಾಯಿ. ಇಷ್ಟರ ಮೇಲೆ ಆ ದಿನ ಸಂಜೆ ನಿಫ್ಟಿ 22,161ಕ್ಕೆ ಏರಿ ಮುಗಿಯಿತು. ತೀರಾ ಕೆಳಗಿನ ರೇಟಿಗೆ ಮಾರಿ ಹೊರಬಂದವರು ನೀವಾಗಿರುತ್ತಿದ್ದಿರಿ.

ಬೆಳಿಗ್ಗೆಯಿಂದ ಸಂಜೆಯೊಳಗೆ ಸ್ಟಾಪ್‌ಲಾಸ್ ಬೇಕೇ ಬೇಕು, ಅದರ ಬಗ್ಗೆ ತಕರಾರಿಲ್ಲ. ರಾತ್ರಿ ಕಳೆದು ಬರುವ ಅಂತರವನ್ನು ಅದು ತಡೆಯುವುದಿಲ್ಲ ಅಷ್ಟೇ. ತಡೆಯುವುದು ಒಂದೇ: ಎಷ್ಟು ತೆಗೆದುಕೊಂಡಿದ್ದೀರಿ ಅನ್ನುವುದು. ಒಂದು ಕೆಟ್ಟ ಸೋಮವಾರಕ್ಕೆ ನನ್ನ ಕೈಯಿಂದ ಎಷ್ಟು ಹೋದರೆ ಮನೆ ನಡೆಯುತ್ತೆ ಅಂತ ಮೊದಲು ಬರೆದಿಡಿ. ಅದನ್ನು 1,000 ಪಾಯಿಂಟಿನಿಂದ ಭಾಗಿಸಿ. 20,000 ಅಂತ ಬರೆದರೆ ಬರುವ ಉತ್ತರ 20. ಲಾಟ್ 75. ಅಂದರೆ ಒಂದು ಲಾಟ್ ಕೂಡ ನಿಮ್ಮ ಅಳತೆಗೆ ದೊಡ್ಡದು. ಅಂಥವರು ಫ್ಯೂಚರ್‌ಗೆ ಕೈ ಹಾಕದೆ ನಿಫ್ಟಿ ಇಟಿಎಫ್‌ನ (ಷೇರಿನ ಹಾಗೆ ಕೊಳ್ಳುವ ನಿಫ್ಟಿ ಫಂಡ್) ಒಂದೊಂದೇ ಯೂನಿಟ್ ಕೊಳ್ಳಬಹುದು. ಅಲ್ಲಿ ಕುಸಿತ ಬಂದರೂ ಯಾರೂ ಸಂಜೆಗೆ ದುಡ್ಡು ಹಾಕಿ ಅಂತ ಮೆಸೇಜ್ ಕಳಿಸುವುದಿಲ್ಲ.

ಇನ್ನೊಂದು ಮಾತು. ಗೋಡೌನಿನಲ್ಲಿರುವ ಆ ಚೆರಿ ಇದೆಯಲ್ಲ, ಅದೇ ಒಂದು ಪೊಸಿಷನ್. ನಮ್ಮಲ್ಲಿ ವ್ಯಾಪಾರಿ ಚೀಲದಿಂದ ಒಂದಿಷ್ಟು ಚೆರಿ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ ಓ.ಟಿ. (ಚೆರಿಯಿಂದ ಸಿಗುವ ಬೀಜದ ಪಾಲು) ಇಷ್ಟು ಅಂತ ಹೇಳಿ, ಆಮೇಲೆ ಮೊಬೈಲ್ ತೆಗೆದು ಲಂಡನ್ ಟರ್ಮಿನಲ್ (ಅಲ್ಲಿನ ಕಾಫಿ ಮಾರುಕಟ್ಟೆ) ನೋಡಿ ರೇಟು ಹೇಳುತ್ತಾರೆ. ಆ ಮೊಬೈಲಿನಲ್ಲಿ ಕಾಣುವುದೂ ಫ್ಯೂಚರ್ ರೇಟೇ, ಟನ್ನಿಗೆ ಇಷ್ಟು ಡಾಲರ್ ಅಂತ. ಬೆಳೆಗಾರರ ಕಾಫಿಯನ್ನು ಕಾಫಿ ಬೋರ್ಡೇ ಮಾರುತ್ತಿದ್ದ ಪೂಲ್ ಪದ್ಧತಿ 1990ರ ದಶಕದಲ್ಲಿ ಮುಗಿದ ಮೇಲೆ ಕೊಡಗಿನ ಪ್ರತಿ ಮನೆಯೂ ಇಷ್ಟವೋ ಕಷ್ಟವೋ ಮಾರುಕಟ್ಟೆಯಲ್ಲೇ ಕೂತಿದೆ. ಬ್ರೆಜಿಲ್, ವಿಯೆಟ್ನಾಂ ಮಳೆ, ಡಾಲರ್ ರೇಟು, ನಮ್ಮ ಹೂಮಳೆ ಎಲ್ಲ ಸೇರಿ ನಿಮ್ಮ ಆದಾಯ ಅಲ್ಲಾಡಿಸುತ್ತಲೇ ಇವೆ. ತಿಂಗಳ ಸಂಬಳ ಬರುವ ನಿಮ್ಮ ಅಳಿಯನಿಗೆ ಆ ಭಾರ ಇಲ್ಲ. ಎಂಟು ಲಕ್ಷದಲ್ಲಿ ಮರಗಸಿ, ಗೊಬ್ಬರ, ಮೆಣಸಿಗೆ ಬೋರ್ಡೋ, ಕೆಲಸದವರ ಕೂಲಿ, ಮಕ್ಕಳ ಫೀಸು ಮುಂದಿನ ಕೊಯ್ಲಿನ ತನಕ ನಡೆಯಬೇಕು. ಅಷ್ಟನ್ನು ಎಫ್‌ಡಿಗೆ ಹಾಕಿ. ಉಳಿದದ್ದರ ಬಗ್ಗೆ ಆಮೇಲೆ ಮಾತಾಡೋಣ.

ಪ್ರಶ್ನೆ: ಮಾರುಕಟ್ಟೆ ಜಾಸ್ತಿ ಬಿದ್ದರೆ ನಿಲ್ಲಿಸುತ್ತಾರಂತೆ, ನಿಜವೇ? ಹಾಗಾದರೆ ಅಷ್ಟು ಭಯ ಯಾಕೆ?
— ಕಾಲೇಜು ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ನಿಜ. ನಿಫ್ಟಿ ಅಥವಾ ಸೆನ್ಸೆಕ್ಸ್ ಶೇ 10, 15, 20 ಏರಿದರೂ ಇಳಿದರೂ ಇಡೀ ಮಾರುಕಟ್ಟೆಗೆ ಸರ್ಕ್ಯೂಟ್ ಬೀಳುತ್ತದೆ. ಮಧ್ಯಾಹ್ನ ಒಂದು ಗಂಟೆಯೊಳಗೆ ಶೇ 10 ಆದರೆ 45 ನಿಮಿಷ ಬಂದ್. ಶೇ 20 ಆದರೆ ಆ ದಿನಕ್ಕೆ ಮುಗಿಯಿತು. 2020ರ ಮಾರ್ಚ್ 23ರಂದು ಬೆಳಿಗ್ಗೆಯೇ ಶೇ 10ರ ಸರ್ಕ್ಯೂಟ್ ಬಿತ್ತು. 45 ನಿಮಿಷ ಕಳೆದು ತೆರೆದ ಮೇಲೆ ಇನ್ನೂ ಇಳಿದು, ಸೆನ್ಸೆಕ್ಸ್ 3,934 ಪಾಯಿಂಟ್, ಅಂದರೆ ಶೇ 13ಕ್ಕಿಂತ ಜಾಸ್ತಿ ಕಳೆದುಕೊಂಡಿತು. ನಿಲ್ಲಿಸುವುದು ಉಸಿರು ಬಿಡಲು. ಬಾಗಿಲು ಮುಚ್ಚಿದಾಗ ನೀವೂ ಹೊರಗೆ ಬರಲಾಗುವುದಿಲ್ಲ, ಅದನ್ನು ಮರೆಯಬೇಡಿ.

ಪ್ರಶ್ನೆ: ನಾನು ಸೇನೆಯಿಂದ ಸುಬೇದಾರ್ ಆಗಿ ನಿವೃತ್ತ. ಸುಮಾರು 18 ಲಕ್ಷ ನಿಫ್ಟಿ ಇಂಡೆಕ್ಸ್ ಫಂಡಿನಲ್ಲಿದೆ. ಪುಟ್ ಆಪ್ಷನ್ ಕೊಂಡರೆ ವಿಮೆ ಇದ್ದ ಹಾಗೆ ಅಂತ ಓದಿದೆ. ಪ್ರತಿ ತಿಂಗಳು ಕೊಳ್ಳಲೇ?
— ಪೊನ್ನಂಪೇಟೆ

ಉತ್ತರ: ಸುಬೇದಾರ್ ಸಾಹೇಬರೇ, ನೀವು ಓದಿದ್ದು ಸರಿ. ಲೆಕ್ಕ ಮಾತ್ರ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ.

ನಿಮ್ಮ 18 ಲಕ್ಷಕ್ಕೆ ಒಂದು ಲಾಟ್ ಸರಿಹೊಂದುತ್ತದೆ. ವಿಐಎಕ್ಸ್ 15ರ ಹತ್ತಿರ ಇದ್ದಾಗ, ಶೇ 3 ಕೆಳಗಿನ, ಅಂದರೆ 23,280ರ ಆಸುಪಾಸಿನ ತಿಂಗಳ ಪುಟ್‌ಗೆ ಸುಮಾರು 150 ರೂಪಾಯಿ ಆಗಬಹುದು. 75ರಿಂದ ಗುಣಿಸಿದರೆ 11,250. ಹನ್ನೆರಡು ತಿಂಗಳಿಗೆ 1,35,000. ಅಂದರೆ 18 ಲಕ್ಷದ ಮೇಲೆ ಶೇ 7.5. ಎಫ್‌ಡಿ ಬಡ್ಡಿಯಷ್ಟು ದುಡ್ಡು ವಿಮೆಗೇ ಹೋಯಿತು, ಅದೂ ಮೊದಲ ಶೇ 3 ನಷ್ಟ ನಿಮ್ಮ ತಲೆ ಮೇಲೆ ಬಿಟ್ಟು.

‘ಹಾಗಾದರೆ ಅಲ್ಲಾಟ ಶುರುವಾದ ಮೇಲೆ ಕೊಳ್ಳುತ್ತೇನೆ’ ಅನ್ನಬೇಡಿ. ವಿಐಎಕ್ಸ್ 25 ಆದಾಗ ಅಂಥದೇ ಪುಟ್ 380ರ ಹತ್ತಿರ ಹೋಗುತ್ತೆ. ಒಂದೇ ತಿಂಗಳಿಗೆ 28,500 ರೂಪಾಯಿ. ಕಣದಲ್ಲಿ ಕಾಫಿ ಹರಡಿರುವಾಗ ಮೋಡ ಕಟ್ಟಿದ ಮೇಲೆ ಟಾರ್ಪಾಲಿಗೆ ಪೇಟೆಗೆ ಓಡಿದ ಹಾಗೆ, ಅಂಗಡಿಯವನು ಹೇಳಿದ್ದೇ ರೇಟು.

ನನ್ನನ್ನು ಕೇಳಿದರೆ, ಪೆನ್ಶನ್‌ನಲ್ಲಿ ಮನೆ ನಡೆಯುತ್ತದೆ ಅಂದರೆ ಪುಟ್ ಬೇಡ. ನಿದ್ದೆ ಬರುತ್ತಿಲ್ಲ ಅಂದರೆ 18 ಲಕ್ಷದಲ್ಲಿ ಐದಾರು ಲಕ್ಷ ತೆಗೆದು ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿ. ಪ್ರೀಮಿಯಂ ಇಲ್ಲದ ವಿಮೆ ಅದು, ಮೂರು ತಿಂಗಳಿಗೊಮ್ಮೆ ಬಡ್ಡಿಯೂ ಬರುತ್ತದೆ. ಒಂದು ವರ್ಷ ಕಳೆದ ಯೂನಿಟ್‌ಗಳನ್ನೇ ಮಾರಿ. ಆಗ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಅದರ ಮೇಲಿನದ್ದಕ್ಕೆ ಶೇ 12.5. ಮಗಳ ಮದುವೆಗೋ ಮನೆಗೋ ಎರಡು ಮೂರು ತಿಂಗಳಲ್ಲಿ ಆ ದುಡ್ಡು ಬೇಕೇ ಬೇಕು, ಆದರೆ ಈಗ ಮಾರಲು ಏನೋ ಅಡ್ಡಿ ಇದೆ ಅಂದರೆ ಆ ಒಂದೆರಡು ತಿಂಗಳಿಗೆ ಪುಟ್ ಕೊಳ್ಳುವುದಕ್ಕೆ ಅರ್ಥವಿದೆ.

ಪ್ರಶ್ನೆ: ಮಳೆಗಾಲ ಬಂದರೆ ನಮ್ಮಲ್ಲಿ ಕರೆಂಟೂ ಇಲ್ಲ, ಟವರೂ ಇಲ್ಲ. ಇಂಟ್ರಾಡೇ (ಅದೇ ದಿನ ಕೊಂಡು ಮಾರುವ) ಪೊಸಿಷನ್ ತೆಗೆದುಕೊಂಡು ನೆಟ್‌ವರ್ಕ್ ಹೋದರೆ ಏನು ಮಾಡಲಿ?
— ಭಾಗಮಂಡಲ

ಉತ್ತರ: ಜೂನ್‌ನಿಂದ ಆಗಸ್ಟ್ ತನಕ ಭಾಗಮಂಡಲದಲ್ಲಿ ಕೂತು ಇಂಟ್ರಾಡೇ ಮಾಡುತ್ತೇನೆ ಅನ್ನುವ ನಿಮ್ಮ ಧೈರ್ಯಕ್ಕೆ ನಮಸ್ಕಾರ.

ಎಂಟ್ರಿ ಆದ ಕೂಡಲೇ ಸ್ಟಾಪ್‌ಲಾಸ್ ಆರ್ಡರ್ ಹಾಕಿಬಿಡಿ. ಅದು ಎಕ್ಸ್‌ಚೇಂಜಿನಲ್ಲಿ ಕೂತಿರುತ್ತದೆ, ನಿಮ್ಮ ಟವರ್ ಸತ್ತರೂ ಅದು ಸಾಯುವುದಿಲ್ಲ. ಮನಸ್ಸಿನಲ್ಲೇ ಇಟ್ಟುಕೊಂಡ ಸ್ಟಾಪ್‌ಲಾಸ್ ನೆಟ್‌ವರ್ಕ್ ಹೋದ ಕ್ಷಣಕ್ಕೆ ಇಲ್ಲದ ಹಾಗೆಯೇ. ಆಪ್ಷನ್ ಆದರೆ ಇನ್ನೊಂದು ತೊಡಕು: ಅಲ್ಲಿ ಸ್ಟಾಪ್‌ಲಾಸ್ ಲಿಮಿಟ್ ಆರ್ಡರ್ ಮಾತ್ರ ಹಾಕಬಹುದು. ಟ್ರಿಗರ್ ಅಂದರೆ ಆರ್ಡರ್ ಎಚ್ಚರಗೊಳ್ಳುವ ರೇಟು, ಲಿಮಿಟ್ ಅಂದರೆ ‘ಇದಕ್ಕಿಂತ ಕಡಿಮೆಗೆ ಮಾರಬೇಡ’ ಅನ್ನುವ ರೇಟು. ಟ್ರಿಗರ್ 100, ಲಿಮಿಟ್ 99 ಅಂತ ಹಾಕಿದರೆ, ರೇಟು 100ರಿಂದ ನೇರ 92ಕ್ಕೆ ಹಾರಿದಾಗ ಆರ್ಡರ್ ಹಾಗೇ ನೇತಾಡುತ್ತೆ. ಅಲ್ಲಾಟ ಜಾಸ್ತಿ ಇರುವ ದಿನ ಟ್ರಿಗರ್‌ಗೂ ಲಿಮಿಟ್‌ಗೂ ನಡುವೆ ಜಾಗ ಬಿಡಿ, ಟ್ರಿಗರ್ 100 ಆದರೆ ಲಿಮಿಟ್ 90 ಇರಲಿ.

ಬ್ರೋಕರಿನ ಕಾಲ್ ಅಂಡ್ ಟ್ರೇಡ್ ನಂಬರನ್ನೂ ನಿಮ್ಮ ಕ್ಲೈಂಟ್ ಐಡಿಯನ್ನೂ ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಇಂಟರ್ನೆಟ್ ಹೋಗಿ ಮಾತಿಗೆ ಮಾತ್ರ ಸಿಗ್ನಲ್ ಇರುವ ಹೊತ್ತು ನಮ್ಮಲ್ಲಿ ಬಹಳ. ಅದಕ್ಕೆ ಬೇರೆ ಚಾರ್ಜು ಹಾಕುತ್ತಾರೆ, ಹಾಕಲಿ. ಇಂಟ್ರಾಡೇ ಅಂತ ಹಾಕಿದ ಪೊಸಿಷನನ್ನು ಮಾರುಕಟ್ಟೆ ಮುಚ್ಚುವ ಮೊದಲು ಬ್ರೋಕರ್ ತಾನೇ ಮುಚ್ಚುತ್ತಾರೆ, ಆದರೆ ಆ ಹೊತ್ತಿನ ರೇಟಿಗೆ. ಆಪ್ಷನ್ ಮಾರುವುದು ಮಾತ್ರ ಮಳೆಗಾಲದಲ್ಲಿ ಪೂರ್ತಿ ಬೇಡ.

ಪ್ರಶ್ನೆ: ತಿಂಗಳಿಗೆ 5,000 ನಿಫ್ಟಿ ಇಂಡೆಕ್ಸ್ ಫಂಡಿಗೆ ಎಸ್‌ಐಪಿ ಹೋಗುತ್ತಿದೆ. ಮಾರುಕಟ್ಟೆ ಬೀಳುತ್ತಿದೆ. ನಿಲ್ಲಿಸಿ, ತಳ ಮುಟ್ಟಿದ ಮೇಲೆ ಶುರು ಮಾಡಲೇ?
— ಶಿಕ್ಷಕಿ, ಕುಶಾಲನಗರ

ಉತ್ತರ: ತಳ ಯಾವುದು ಅಂತ ನಿಮಗೆ ಯಾರು ಹೇಳುತ್ತಾರೆ ಟೀಚರ್? 2020ರ ಮಾರ್ಚ್ 23ರಂದು ನಿಫ್ಟಿ 7,610. ಆ ಸಂಜೆ ಟಿವಿಯಲ್ಲಿ ಒಬ್ಬರಾದರೂ ಇದೇ ತಳ ಅಂದಿದ್ದರೆ ಜನ ನಗುತ್ತಿದ್ದರು. ಆ ವರ್ಷ ಮುಗಿಯುವಾಗ ಅದು 14,000ದ ಹತ್ತಿರ ಇತ್ತು.

ಯಾವಾಗಲೂ ಹೀಗೆ ಬೇಗ ಏರುತ್ತೆ ಅಂತ ನಂಬಿಸುವವರ ಮಾತೂ ಕೇಳಬೇಡಿ. 2008ರ ಜನವರಿಯಲ್ಲಿ 6,300 ದಾಟಿದ್ದ ನಿಫ್ಟಿ ಅದೇ ಅಕ್ಟೋಬರಿನಲ್ಲಿ 2,300ರ ಕೆಳಗೂ ಇಳಿದಿತ್ತು. ಹಳೆಯ ಮಟ್ಟವನ್ನು 2010ರ ನವೆಂಬರಿನಲ್ಲಿ ಒಮ್ಮೆ ಮುಟ್ಟಿ ಜಾರಿತು. ಗಟ್ಟಿಯಾಗಿ ದಾಟಿದ್ದು 2014ರ ಮಾರ್ಚ್ ಹೊತ್ತಿಗೆ. ಈ ದುಡ್ಡು ಆರೇಳು ವರ್ಷ ಬೇಡ ಅಂತಾದರೆ ನಿಲ್ಲಿಸಬೇಡಿ. ಎರಡು ವರ್ಷಕ್ಕೆ ಬೇಕು ಅಂತಾದರೆ ಮಾರುಕಟ್ಟೆ ಏರುತ್ತಿದ್ದಾಗಲೂ ಅದು ಅಲ್ಲಿರಬಾರದಿತ್ತು.

ಪ್ರಶ್ನೆ: ಮಗ ಟೆಲಿಗ್ರಾಂ ಗುಂಪಿನವರ ಟಿಪ್ಸ್ ನೋಡಿ ಎಕ್ಸ್‌ಪೈರಿ ದಿನ ಟ್ರೇಡ್ ಮಾಡುತ್ತಾನೆ. ‘ಜ್ಯಾಕ್‌ಪಾಟ್ ಕಾಲ್’ ಅಂತಾರೆ. ಹೇಗೆ ಬಿಡಿಸಲಿ?
— ಗೃಹಿಣಿ, ಮಡಿಕೇರಿ

ಉತ್ತರ: ಗುಂಪು ನಡೆಸುವವರ ಸೆಬಿ (ಷೇರುಪೇಟೆ ನಿಯಂತ್ರಕ ಸಂಸ್ಥೆ) ನೋಂದಣಿ ಸಂಖ್ಯೆ ಕೇಳಲು ಹೇಳಿ. ರಿಸರ್ಚ್ ಅನಲಿಸ್ಟ್ ಆದರೆ ಐಎನ್‌ಎಚ್ ಅಂತ, ಸಲಹೆಗಾರರಾದರೆ ಐಎನ್‌ಎ ಅಂತ ಶುರುವಾಗುತ್ತೆ. ಸೆಬಿ ವೆಬ್‌ಸೈಟಿನಲ್ಲಿ ಹೆಸರು ಸಮೇತ ಇರಬೇಕು. ಸೆಬಿ 2024ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಅಧ್ಯಯನವನ್ನೂ ತೋರಿಸಿ: ಮೂರು ಹಣಕಾಸು ವರ್ಷದಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಮಾಡಿದ ಒಂದು ಕೋಟಿಗೂ ಜಾಸ್ತಿ ಜನರಲ್ಲಿ ಶೇ 93 ಮಂದಿಗೆ ನಷ್ಟ, ಖರ್ಚು ಸೇರಿ ತಲಾ ಸರಾಸರಿ ಎರಡು ಲಕ್ಷದ ಹತ್ತಿರ. ಬೈಯುವುದರಿಂದ ಬಿಡಿಸಲಾಗುವುದಿಲ್ಲ. ಆ್ಯಪ್‌ನಿಂದ ಪೂರ್ತಿ ವರ್ಷದ ಲಾಭ–ನಷ್ಟದ ಸ್ಟೇಟ್‌ಮೆಂಟ್ ತೆಗೆಸಿ, ಜೊತೆಯಲ್ಲಿ ಕೂತು ನೋಡಿ. ಗುಂಪಿನಲ್ಲಿ ಗೆದ್ದ ದಿನದ ಸ್ಕ್ರೀನ್‌ಶಾಟ್ ಮಾತ್ರ ಹಾಕುತ್ತಾರೆ.

ಪ್ರಶ್ನೆ: ನನಗೆ ಕಾಫಿ, ಏಲಕ್ಕಿ ಆದಾಯ ಮಾತ್ರ. ಇದುವರೆಗೆ ರಿಟರ್ನ್ ಹಾಕಿಲ್ಲ. ಹೋದ ವರ್ಷ ನಿಫ್ಟಿ ಆಪ್ಷನ್‌ನಲ್ಲಿ 60,000 ಹೋಯಿತು. ನಷ್ಟಕ್ಕೂ ರಿಟರ್ನ್ ಬೇಕಾ?
— ಸೋಮವಾರಪೇಟೆ

ಉತ್ತರ: ಹಾಕಿ. ಕಾಫಿಯನ್ನು ಸಂಸ್ಕರಣೆ ಮಾಡದೆ ಚೆರಿಯಾಗಿಯೇ ಮಾರಿದರೆ ಅದು ಪೂರ್ತಿ ಕೃಷಿ ಆದಾಯ. ಬೆಳೆದವರೇ ಕ್ಯೂರಿಂಗ್ ಮಾಡಿಸಿ ಮಾರಿದರೆ ಶೇ 25 ಭಾಗ ವ್ಯಾಪಾರದ ಆದಾಯ ಅಂತ ಲೆಕ್ಕ. ಆಪ್ಷನ್ ವ್ಯವಹಾರ ಕೂಡ ವ್ಯಾಪಾರದ ಆದಾಯವೇ, ಹಾಗಾಗಿ ಐಟಿಆರ್–3 ಅನ್ನುವ ರಿಟರ್ನ್ ಫಾರ್ಮ್ ಬೇಕಾಗುತ್ತದೆ. ಕೊನೆಯ ದಿನಾಂಕದೊಳಗೆ ಹಾಕಿದರೆ ಈ 60,000 ನಷ್ಟವನ್ನು ಎಂಟು ವರ್ಷದ ತನಕ ಮುಂದಕ್ಕೆ ಒಯ್ದು, ಮುಂದೆ ಬರುವ ವ್ಯಾಪಾರದ ಲಾಭದಲ್ಲಿ ಕಳೆಯಬಹುದು. ತಡವಾದರೆ ಆ ಅವಕಾಶ ಹೋಗುತ್ತದೆ. ಬ್ರೋಕರ್ ಆ್ಯಪ್‌ನಲ್ಲಿ ಟ್ಯಾಕ್ಸ್ ರಿಪೋರ್ಟ್ ಅಂತ ಸಿಗುತ್ತೆ. ಅದನ್ನೂ ಕಾಫಿ ಮಾರಿದ ಬಿಲ್ಲುಗಳನ್ನೂ ತೆಗೆದುಕೊಂಡು ಆಡಿಟರ್ ಹತ್ತಿರ ಹೋಗಿ. ಬಿಲ್ಲು ಇಲ್ಲದೆ ಕಾಫಿ ಕೊಟ್ಟಿದ್ದರೆ, ಈ ವರ್ಷದಿಂದ ಕೇಳಿ ತೆಗೆದುಕೊಳ್ಳಿ.